ಕೆಂಪು ಫೈಲಿನ ಹಾಳೆ

ಅತ್ತೆಗೆ ಅರ್ಥವಾಗದ ಪ್ರಕಟಣೆ ದೇಶಕ್ಕೂ ಅರ್ಥವಾಗುವುದಿಲ್ಲ ಎಂಬುದು ಪ್ರಕಟಣೆ ಅಕ್ಕನ ಗಟ್ಟಿ ನಂಬಿಕೆ. ವ್ಯಾಪಾರ ಇಲಾಖೆಯಲ್ಲಿ ಇಪ್ಪತ್ತು ವರ್ಷಗಳಿಂದ ಪತ್ರಿಕೆಗಳಿಗೆ ಪ್ರಕಟಣೆ ಬರೆಯುತ್ತಿದ್ದವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಗುಟ್ಟಿನ ಕಾಗದವನ್ನು ಮನೆಗೆ ಒಯ್ಯಬಾರದೆಂಬ ನಿಯಮ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅತ್ತೆಯ ಬಾಯಿ ಇಲಾಖೆಯ ಬೀರುವಿಗಿಂತ ಭದ್ರ.

"ಯಾವಾಗ್ಲೂ ಬೈಗುಳನೇ ಓದ್ತೀಯಲ್ಲ," ಎಂದರು ಅತ್ತೆ ಅಂದು ಬೆಳಿಗ್ಗೆ. "ಎಲ್ಲ ಕೆಟ್ಟಿದ್ದು ಅವರಿಂದ, ನಾವು ಮಾತ್ರ ಅಪ್ಪಟ ಚಿನ್ನ. ಕೇಳ್ತಾ ಕೇಳ್ತಾ ನನ್ನ ಟೀ ಆರಿಹೋಯ್ತು."

"ಇನ್ನೂ ಕೆಟ್ಟಿಲ್ಲ ಅತ್ತೆ. ನಾಳೆ ಕೆಟ್ಟರೆ ಬೇಕಾಗುತ್ತೆ ಅಂತ."

ಮಾತುಕತೆಗೆ ಕೂರುವ ಮೊದಲೇ ಅದರ ಫಲವನ್ನು ಬರೆದಿಡುವುದು ಇಲಾಖೆಯ ಪದ್ಧತಿ. ಹಸಿರು ಫೈಲಿನಲ್ಲಿ 'ಆಯಿತು', ಕೆಂಪು ಫೈಲಿನಲ್ಲಿ 'ಆಗಲಿಲ್ಲ'. ಕೆಟ್ಟ ಸುದ್ದಿಯನ್ನು ತಣ್ಣನೆಯ ತಲೆಯಲ್ಲಿ ಬರೆಯಬೇಕೆಂದು ಅವಳು ಕೆಂಪನ್ನೇ ಮೊದಲು ಮುಗಿಸುತ್ತಿದ್ದಳು. ನೆರೆದೇಶದೊಂದಿಗೆ ಇದು ಆರನೇ ಸುತ್ತು. ನಮ್ಮ ಮರದ ಕುರ್ಚಿಗಳು ಅಲ್ಲಿಗೆ ಹೋಗಬೇಕು, ಅವರ ಸೈಕಲ್‌ಗಳು ಇಲ್ಲಿಗೆ ಬರಬೇಕು, ಇಷ್ಟೇ ವಿಷಯ. ಹಿಂದಿನ ಐದು ಸಲವೂ ಅವಳು ಓದಿದ್ದು ಕೆಂಪು ಹಾಳೆಯನ್ನೇ.

ಆಫೀಸಿಗೆ ಬಂದವಳು ನಾಳೆಯ ವೇಳಾಪಟ್ಟಿಯೆಂದುಕೊಂಡು ಚೀಲದಿಂದ ಒಂದು ಹಾಳೆಯನ್ನು ತೆಗೆದು ಲಕೋಟೆಗೆ ಹಾಕಿ, ಅತಿಥಿಗೃಹದಲ್ಲಿ ಇಳಿದುಕೊಂಡಿದ್ದ ಆ ಕಡೆಯ ಪ್ರಕಟಣೆ ಅಧಿಕಾರಿಗೆ ಕಳಿಸಿದಳು. ಹನ್ನೊಂದು ಗಂಟೆಗೆ ಕೆಂಪು ಫೈಲು ತೆರೆದರೆ ಒಳಗೆ ವೇಳಾಪಟ್ಟಿ ತಣ್ಣಗೆ ಮಲಗಿತ್ತು. ನಾಳೆ ಮುರಿದುಬೀಳಲಿರುವ ಮಾತುಕತೆಗೆ ಯಾರು ಹೊಣೆ ಎಂಬುದನ್ನು ಅವಳು ಇಂದೇ ಆ ಹೊಣೆಗಾರರ ಕೈಗೆ ತಲುಪಿಸಿದ್ದಳು.

ಕಾರ್ಯದರ್ಶಿ ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತರು. ಆ ಕಡೆಯವರನ್ನು ಮೇಜಿಗೆ ಕರೆತರಲು ಎಂಟು ತಿಂಗಳು ಹೆಣಗಿದ್ದು ಇವರೇ. "ನಾಳೆ ಅವರು ಬರೋದಿಲ್ಲ. ಅದು ನಮ್ಮದಲ್ಲ, ಯಾರೋ ಕಿಡಿಗೇಡಿಗಳ ಕೆಲಸ ಅಂದುಬಿಡೋಣ."

"ಅದರ ಒಂದೊಂದು ಸಾಲೂ ನನ್ನ ಕೈಬರಹದ ಹಾಗೆ ಆ ಕಡೆಯ ಪ್ರಕಟಣೆಯವನಿಗೆ ಗುರುತು ಸಾರ್. ಐದು ಸಲ ಓದಿದ್ದಾನೆ. ಕಳಿಸಿದವಳು ನಾನು, ತರೋದೂ ನಾನೇ."

ಅವಳಿಗೆ ನಾಚಿಕೆಯಾಗಿತ್ತು ನಿಜ. ಆದರೆ ನಾಚಿಕೆಯಾಯಿತೆಂದು ಮೂಲೆ ಹಿಡಿಯುವ ಜಾಯಮಾನ ಅವಳದಲ್ಲ.

ಅತಿಥಿಗೃಹದ ಮೂಲೆಯ ಕೋಣೆಯಲ್ಲಿ ಆ ಕಡೆಯ ಪ್ರಕಟಣೆ ಅಧಿಕಾರಿ, ಕನ್ನಡಕದವನು, ಹಾಳೆಯನ್ನು ಮುಂದಿಟ್ಟುಕೊಂಡೇ ಕುಳಿತಿದ್ದ.

"ಚೆನ್ನಾಗಿ ಬೈದಿದ್ದೀರಿ," ಎಂದ. "ಎರಡನೇ ಪ್ಯಾರಾ ಅಂತೂ ಕಳೆದ ಸಲಕ್ಕಿಂತ ಖಾರ. ನಮ್ಮ ಸಾಹೇಬರಿಗೆ ಇನ್ನೂ ತೋರಿಸಿಲ್ಲ."

"ನೀವು ಕೆಂಪು ಬರೆದಿಲ್ವಾ?"

ಅವನು ನಾಲಿಗೆ ಕಚ್ಚಿಕೊಂಡ.

"ನಮ್ಮದು ನೀವು ನೋಡಿದ್ದಾಯ್ತು. ನಿಮ್ಮದು ನಾನು ನೋಡಿದರೆ ಲೆಕ್ಕ ಸಮ," ಎಂದು ಕೈಚಾಚಿದಳು ಅಕ್ಕ. ಅವನು ಒಂದಷ್ಟು ಹೊತ್ತು ಕನ್ನಡಕ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕೊನೆಗೆ ಪೆಟ್ಟಿಗೆ ತೆರೆದು ಒಂದು ಹಾಳೆ ತೆಗೆದ.

ಸೈಕಲ್ ಸುಂಕವನ್ನು ಈ ವರ್ಷವೇ ಇಳಿಸಲು ಆತಿಥೇಯರು ಒಪ್ಪದ ಕಾರಣ ಮಾತುಕತೆ ಮುರಿಯಿತು ಎಂದಿತ್ತು ಅದರಲ್ಲಿ. ಅವಳು ಎರಡು ಸಲ ಓದಿದಳು. ಗಡಿಯಲ್ಲಿ ನಮ್ಮ ಕುರ್ಚಿಗಳನ್ನು ಒಂದೊಂದಾಗಿ ಬಿಚ್ಚಿ ತಪಾಸಣೆ ಮಾಡುತ್ತಾರಲ್ಲ, ಅದನ್ನು ಅವರು ಬಿಡಲಿಲ್ಲ, ಆದ್ದರಿಂದ ಮುರಿಯಿತು ಎಂದು ಅವಳು ಬರೆದಿದ್ದಳು.

"ನಿಮ್ಮದರಲ್ಲಿ ತಪಾಸಣೆ ಮಾತೇ ಇಲ್ವಲ್ಲ."

"ಅದಕ್ಕೆ ಯಾರು ಜಗಳ ಆಡ್ತಾರೆ? ನೀವು ಸರಿಯಾಗಿ ಕೇಳಿದ್ರೆ ಬಿಡೋದೇ," ಎಂದವನು ಅವಳ ಹಾಳೆಯತ್ತ ಬೆರಳು ಮಾಡಿದ. "ನಿಮ್ಮದರಲ್ಲಿ ಸೈಕಲ್ ಇಲ್ಲ."

"ಸೈಕಲ್ಲಿಗೆ ನಮ್ಮವರು ಯಾವತ್ತೋ ತಯಾರು."

ಹೊಡೆಯಲು ಯಾರೂ ಇಲ್ಲದ ಕಡೆ ಐದು ಸುತ್ತು ತೋಳೇರಿಸಿಕೊಂಡು ನಿಂತಿದ್ದರು ಎರಡೂ ದೇಶದವರು. ಅಕ್ಕನಿಗೆ ನಗು ಬಂತು. ಹಾಳೆಗಳನ್ನು ಅದಲುಬದಲು ಮಾಡಿಕೊಂಡು, ನಡೆದದ್ದನ್ನು ಇದ್ದದ್ದು ಇದ್ದಹಾಗೆ ತಮ್ಮ ತಮ್ಮ ಸಾಹೇಬರಿಗೆ ಹೇಳುವುದೆಂದು ಮಾತಾಡಿಕೊಂಡು ಎದ್ದರು.

ಮರುದಿನ ಹತ್ತಕ್ಕೆ ಸರಿಯಾಗಿ ಆ ಕಡೆಯವರು ಬಂದರು. ಪತ್ರಕರ್ತರು ಸಂಜೆಯವರೆಗೂ ಕಾಯಬೇಕೆಂದು ಕಾಲುಚಾಚಿ ಕುಳಿತಿದ್ದರು. ಹನ್ನೊಂದೂವರೆಗೆ ಬಾಗಿಲು ತೆರೆದು ಕಾರ್ಯದರ್ಶಿ ಸಾಹೇಬರು ನಗುತ್ತಾ ಹೊರಬಂದರು. ಅವರು ನಗುವುದನ್ನು ಆ ಕಟ್ಟಡದಲ್ಲಿ ಕಂಡವರು ಕಡಿಮೆ.

"ಹಸಿರು ತನ್ನಿ."

ಅವಳು ಹಸಿರು ಫೈಲನ್ನು ಬಿಚ್ಚಿದಳು. ಒಳಗೆ ಖಾಲಿ ಹಾಳೆ. ಐದು ಸುತ್ತುಗಳಿಂದ ಆಮೇಲೆ ನೋಡಿಕೊಳ್ಳೋಣ ಎಂದು ಇಟ್ಟ ಅದೇ ಹಾಳೆ, ಅಂಚು ಹಳದಿಗೆ ತಿರುಗಿತ್ತು. ಬೈಗುಳವನ್ನು ಒಂದೇ ಉಸಿರಿಗೆ ಬರೆಯುವ ಕೈಗೆ ಮೊದಲ ಸಾಲು ಹೊಳೆಯಲಿಲ್ಲ. ಪಕ್ಕದಲ್ಲಿ ಯಾರೋ ಕುರ್ಚಿ ಎಳೆದುಕೊಂಡರು. ಕನ್ನಡಕದವನು.

"ನಿಮ್ಮ ಹಸಿರು ಸ್ವಲ್ಪ ಕೊಡ್ತೀರಾ?" ಎಂದು ಪಿಸುಗುಟ್ಟಿದ. "ನಾನು ಬರೆದೇ ಇಲ್ಲ."

ಹತ್ತು ನಿಮಿಷದಲ್ಲಿ ಒಂದೇ ಹಾಳೆಯ ಮೇಲೆ ಇಬ್ಬರೂ ಬರೆದು ಮುಗಿಸಿದರು. ಪತ್ರಕರ್ತರ ಮುಂದೆ ಹೋಗುವ ಮೊದಲು ಅಕ್ಕ ಕಿಟಕಿಯ ಬಳಿ ನಿಂತು ಮನೆಗೆ ಫೋನ್ ಮಾಡಿ ಓದಿದಳು.

"ಅರ್ಥ ಆಯ್ತಾ ಅತ್ತೆ?"

ಆ ಕಡೆ ಟೀ ಹೀರುವ ಸದ್ದು ಕೇಳಿತು.

"ಆಯ್ತು. ಆದ್ರೆ ಇದು ನೀನು ಬರೆದದ್ದಲ್ಲ."

"ಅರ್ಧ ನಂದೇ ಅತ್ತೆ," ಎಂದಳು ಅವಳು. ಹಾಳೆ ಹಿಡಿದು ಪತ್ರಕರ್ತರತ್ತ ನಡೆದಳು.