ಗೋಧಿಹೊಲಕ್ಕೆ ಇಳಿದ ಹೆಬ್ಬಾತುಗಳು

ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಮಹಂತೇಶ ಪ್ರತಿ ಭಾನುವಾರ ಬೆಳಗ್ಗೆ ಕ್ಯಾನು ಹಿಡಿದು ಯಮುನೆಯ ಬದಿಯಲ್ಲಿದ್ದ ಜಗಬೀರನ ಕೊಟ್ಟಿಗೆಗೆ ಎಮ್ಮೆಹಾಲಿಗೆ ಹೋಗುತ್ತಿದ್ದ. ಜನವರಿಯ ಎರಡನೆಯ ಭಾನುವಾರ ಮಂಜು ಸರಿದಾಗ ಕೊಟ್ಟಿಗೆಯ ಹಿಂದಿನ ಗೋಧಿಹೊಲದ ತುಂಬ ಬೂದುಬಣ್ಣದ ಹೆಬ್ಬಾತುಗಳು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಇನ್ನೂರಕ್ಕೆ ಕಡಿಮೆಯಿರಲಿಲ್ಲ. ಹೊಳೆಯಲ್ಲಿ ನಾಲ್ಕೈದು ಕಂಡದ್ದುಂಟು, ಹೊಲಕ್ಕೆ ಇಳಿದದ್ದು ತನ್ನಜ್ಜನ ಕಾಲದಲ್ಲೂ ಇಲ್ಲ ಎನ್ನುತ್ತ ಜಗಬೀರ್ ಡಬ್ಬ ಬಡಿಯಲು ಹೊರಟಿದ್ದ.

ಮಹಂತೇಶ ತಡೆದ. ಗದಗದ ಕಡೆಯ ತನ್ನೂರಿನ ಕೆರೆಗೆ ಚಳಿಗಾಲದಲ್ಲಿ ಬರುವುದು ಇವೇ ಹಕ್ಕಿ, ಮುಂಜಾನೆ ಹೊಲಗಳಿಗೆ ಇಳಿಯುತ್ತವೆ, ಯಾರೂ ಓಡಿಸುವುದಿಲ್ಲ, ಇವುಗಳ ಹಿಕ್ಕೆ ಬಿದ್ದ ಹೊಲದಲ್ಲಿ ಬೆಳೆ ಹುಲುಸು ಎಂದು ವಿವರಿಸಿದ. ಓದಿದವನ ಮಾತು, ಮೇಲಾಗಿ ರೈತನ ಮಗ. ಜಗಬೀರ್ ಡಬ್ಬ ಕೆಳಗಿಟ್ಟ.

ಮುಂದಿನ ಭಾನುವಾರ ನೋಡಿದರೆ ಅರ್ಧ ಹೊಲ ಬರೀ ಮಣ್ಣು. ಗೇಣುದ್ದ ಇದ್ದ ಗೋಧಿಯನ್ನು ಬುಡದವರೆಗೆ ಮೇದಿದ್ದವು. ಜಗಬೀರನ ಮನೆಯ ಆರು ಮಂದಿಗೆ ವರ್ಷದ ರೊಟ್ಟಿ ಅದರಲ್ಲೇ ಆಗಬೇಕು. ಅವನು ಬೈಯಲಿಲ್ಲ. ಹಾಲು ಹಾಕಿಕೊಟ್ಟು, ಇದು ಮತ್ತೆ ಚಿಗುರುತ್ತದಲ್ಲವೇ ಎಂದು ಕೇಳಿದ. ಮಹಂತೇಶನ ನೆನಪಿನಲ್ಲಿ ಹಕ್ಕಿಗಳಿದ್ದವು; ಅವುಗಳ ಕಾಲಕೆಳಗೆ ಹೊಲದಲ್ಲಿ ಏನಿತ್ತೆಂಬುದು ಮಾತ್ರ ಎಷ್ಟು ಯೋಚಿಸಿದರೂ ಕಾಣಲಿಲ್ಲ. ಅಲ್ಲೇ ಬದುವಿನ ಮೇಲೆ ನಿಂತು ಊರಿನಲ್ಲಿರುವ ಅಕ್ಕ ಇಂದಿರಮ್ಮನಿಗೆ ಫೋನ್ ಮಾಡಿದ.

"ಶೇಂಗಾ ಕಿತ್ತ ಮ್ಯಾಲೆ ಬರ್ತಾವಪ್ಪಾ, ಉಳಿದದ್ದು ಆರಿಸಿಕೊಂಡು ತಿಂತಾವು. ಬೆಳೆ ನಿಂತ ಹೊಲಕ್ಕ ಯಾರರ ಬಿಡ್ತಾರೇನು?" ಎಂದಳು ಅಕ್ಕ. "ನೀ ನೆಲ ಯಾವಾಗ ನೋಡಿದ್ದಿ? ಬರೀ ಮ್ಯಾಲೆ ನೋಡಾಂವ."

ಈ ಸಲ ಕೆರೆಗೆ ಎಂದಿನ ಅರ್ಧದಷ್ಟು ಹಕ್ಕಿಗಳೂ ಬಂದಿಲ್ಲವೆಂದು ಸೇರಿಸಿದಳು. ಹಾಗಾದರೆ ಊರಿಗೆ ಹೋಗಬೇಕಾದವೇ ಇಲ್ಲಿ ನಿಂತುಬಿಟ್ಟವೋ, ಇವು ಬೇರೆಯೋ, ಇದೂ ಅವನಿಗೆ ತಿಳಿಯಲಿಲ್ಲ. ತಾನು ಹೇಳಿದ್ದು ತಪ್ಪು, ಈಗಲೇ ಓಡಿಸೋಣ ಎಂದು ಜಗಬೀರನಿಗೆ ಹೇಳಿದ.

ಜಗಬೀರ್ ಕೂತಲ್ಲಿಂದ ಏಳಲಿಲ್ಲ. "ನೀವೇ ಓಡಿಸಿ ಬಾಬೂಜಿ. ಲಕ್ಷ್ಮಿ ಇಳಿದಿದ್ದಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ. ಈಗ ನಾನೇ ಡಬ್ಬ ಬಡಿದರೆ ನಗೋದಿಲ್ವಾ?"

ಮಹಂತೇಶ ಹೊಲಕ್ಕಿಳಿದು ಚಪ್ಪಾಳೆ ತಟ್ಟಿದ. ವಾರವಿಡೀ ಯಾರೂ ಗದರದ ಹಕ್ಕಿಗಳು ಕತ್ತೆತ್ತಿ ನೋಡಿ ನಾಲ್ಕು ಹೆಜ್ಜೆ ಅತ್ತ ನಡೆದವು. ಕೈ ಬೀಸುತ್ತ ಓಡಿದಾಗ ಒಟ್ಟಿಗೆ ಎದ್ದು, ಹೊಳೆಯ ಮೇಲೆ ಒಂದು ಸುತ್ತು ಹಾಕಿ, ಪಕ್ಕದ ಹಸಿರು ಹೊಲಕ್ಕೆ ಇಳಿದವು. ಆ ಹೊಲದ ಮುದುಕ ಮಂಚದ ಮೇಲೆ ಕೂತು ಹುಕ್ಕಾ ಸೇದುತ್ತ ಸುಮ್ಮನೆ ನೋಡುತ್ತಿದ್ದ.

"ಅವರ‍್ಯಾಕೆ ಓಡಿಸ್ತಿಲ್ಲ?"

"ನೀವು ಹೇಳಿದ್ದನ್ನ ಅವರಿಗೂ ಹೇಳಿದ್ದೀನಲ್ಲ," ಎಂದ ಜಗಬೀರ್. "ಅದರಾಚೆ ಹೊಲದವರಿಗೂ."

ಮಹಂತೇಶ ಬದು ದಾಟಿದ. ಅವನು ಬರುವುದನ್ನು ಕಂಡ ಮುದುಕ ಹುಕ್ಕಾ ಪಕ್ಕಕ್ಕಿಟ್ಟು, ಸರಿದು, ಮಂಚದ ಮೇಲೆ ಅವನಿಗೂ ಜಾಗ ಮಾಡಿದ.