ಎಳೆ ಹಿಡಿಯುವ ಬೆರಳು

ಶಿಡ್ಲಘಟ್ಟದ ಒಂದು ಖಾಸಗಿ ಫಿಲೇಚರಿನಲ್ಲಿ, ಅಂದರೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅಮ್ಮಾಜಮ್ಮ ಒಂಬತ್ತು ವರ್ಷ ರೇಷ್ಮೆ ನೂಲು ತೆಗೆದವಳು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಕೂದಲಿಗಿಂತ ಸಣ್ಣ ಎಳೆಯನ್ನು ಹುಡುಕಿ, ಏಳೆಂಟು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಆವಿಯಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳ ತುದಿಯೇ ನೋಡಬೇಕು. ಮದುವೆಯಾಗಿ ಬಂದ ವರ್ಷವೇ ಅವಳಿಗೆ ಈ ಕೆಲಸ ಕಲಿಸಿದವಳು ಅತ್ತೆ ಅಕ್ಕಯ್ಯಮ್ಮ. ಮೂವತ್ತು ವರ್ಷ ಮನೆಯ ಚರಕದಲ್ಲಿ ನೂಲು ತೆಗೆದು ಬೆರಳು ಬೆಂದು ಬೆಳ್ಳಗಾಗಿದ್ದ ಹೆಂಗಸು ಅವಳು.

೧೯೬೩ರ ಬೇಸಿಗೆಯಲ್ಲಿ, ಕೆಲಸದ ನಡುವೆ ಚಾವಣಿಯ ತಗಡೊಂದು ಕಳಚಿ ಬಿತ್ತು. ಮುಖಕ್ಕೆ ಬೀಳದಿರಲೆಂದು ಅಮ್ಮಾಜಮ್ಮ ಬಲಗೈ ಎತ್ತಿದಳು. ತಗಡಿನ ಅಂಚು ಮಣಿಕಟ್ಟಿನ ಒಳಗಡೆ ಆಳವಾಗಿ ಕೊಯ್ದಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಗಾಯ ಮಾಗಿತು, ಐದು ಬೆರಳೂ ಮಡಚುವಂತಾದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಏನು ಮುಟ್ಟಿದರೂ ತಿಳಿಯದಾಯಿತು.

ಫಿಲೇಚರಿಗೆ ವಾಪಸು ಹೋದವಳು ಒಂದು ಬೆಳಗಿನಲ್ಲಿ ಇಪ್ಪತ್ತು ಸಲ ಎಳೆ ಕಡಿದಳು. ಮೇಸ್ತ್ರಿ ನಾಳೆಯಿಂದ ಬರಬೇಡ ಎಂದ. ಮನೆಯಲ್ಲಿ ಬೆರಳಿಗೆ ತಿಳಿಯುತ್ತಿಲ್ಲವೆಂದು ಹೇಳಿದರೆ ಗಂಡ ಕೋನಪ್ಪ ಸುಮ್ಮನೆ ತಲೆಯಾಡಿಸುತ್ತಿದ್ದ. ಅಕ್ಕಯ್ಯಮ್ಮ ಮಾತ್ರ ಒಪ್ಪಲಿಲ್ಲ. ಬೆರಳು ಐದೂ ಇದಾವೆ, ನೀರು ಸೇದುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಎಳೆ ಹಿಡಿಯೋಕೆ ಮಾತ್ರ ಆಗಲ್ಲವಂತೆ ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಸೊಸೆಯ ಕಿವಿಗೂ ಬಿತ್ತು. ಆಮೇಲೆ ಅಮ್ಮಾಜಮ್ಮ ಆ ಮಾತೇ ಎತ್ತಲಿಲ್ಲ.

ಕೋನಪ್ಪ ಚಿಕ್ಕಬಳ್ಳಾಪುರದ ವಕೀಲ ಪುಟ್ಟಸ್ವಾಮಯ್ಯನವರನ್ನು ಹಿಡಿದು ಪರಿಹಾರಕ್ಕೆ ಅರ್ಜಿ ಹಾಕಿಸಿದ. ಗಾಯ ಪೂರ್ತಿ ಮಾಗಿದೆ, ಬೆರಳೆಲ್ಲ ಆಡುತ್ತವೆ ಎಂದು ಮಾಲೀಕರ ಕಡೆಯವರು ಡಾಕ್ಟರ ಸರ್ಟಿಫಿಕೇಟು ತಂದಿಟ್ಟು, ಅಲ್ಪಸ್ವಲ್ಪ ಮಾತ್ರ ಕೊಡುತ್ತೇವೆ ಎಂದರು. ಆಗ ವಕೀಲರು ಕನಕಲಕ್ಷ್ಮಿಗೆ ಕಾಗದ ಬರೆದರು. ಗೌರಿಬಿದನೂರಿನ ಮೇಷ್ಟರೊಬ್ಬರ ಮಗಳು ಅವಳು, ಬೊಂಬಾಯಿಯಲ್ಲಿ ಓದಿ ಬಂದವಳು. ಕೈಕಾಲು ಊನವಾದವರಿಗೆ ಮಗ್ಗ, ಮಣ್ಣು, ಮಣಿ ಕೊಟ್ಟು ಮತ್ತೆ ಕೆಲಸ ರೂಢಿ ಮಾಡಿಸುವುದು ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಅವಳ ಉದ್ಯೋಗ. ಅಮ್ಮಾಜಮ್ಮನ ಕೈಯನ್ನೂ ಆರು ವಾರ ಅವಳೇ ಪಳಗಿಸಿದ್ದಳು. ಸಾಕ್ಷಿ ಹೇಳುತ್ತೇನೆ, ಆದರೆ ಅವಳು ಬದುಕುವ ಮನೆ, ಮಾಡುವ ಕೆಲಸ ಎರಡನ್ನೂ ನೋಡದೆ ಹೇಳಲಾರೆ ಎಂದು ಉತ್ತರ ಬರೆದಳು.

ಕನಕಲಕ್ಷ್ಮಿ ಚಿಕ್ಕ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಬಂದಿಳಿದು ಮೊದಲು ಫಿಲೇಚರಿನಲ್ಲಿ ಒಂದು ಗಂಟೆ ನಿಂತು ನೂಲು ತೆಗೆಯುವವರ ಕೈ ನೋಡಿದಳು. ಆಮೇಲೆ ಅಮ್ಮಾಜಮ್ಮನ ಅಡಿಗೆಮನೆಯಲ್ಲಿ ಗೋಡೆಗೊರಗಿ ಕೂತು, ನಾನಿಲ್ಲ ಅಂದುಕೊಂಡು ನಿಮ್ಮ ಕೆಲಸ ಮಾಡಿ ಎಂದಳು. ಅಮ್ಮಾಜಮ್ಮ ಒಲೆ ಹಚ್ಚಿದಳು, ಹಿಟ್ಟು ತೊಳಸಿದಳು, ಮುದ್ದೆ ಕಟ್ಟಿದಳು. ಪ್ರತಿಯೊಂದಕ್ಕೂ ಅವಳ ಕಣ್ಣು ಕೈಯ ಮೇಲೇ ಇತ್ತು. ಒಂದು ಸಲ ಹೊರಗಿನಿಂದ ಪುಟ್ಟ ಮಗಳು ಕರೆದಳೆಂದು ಅತ್ತ ತಿರುಗಿದಾಗ ಕೈಯಲ್ಲಿದ್ದ ಸೌಟು ಜಾರಿ ಬಿತ್ತು. ಅದು ನೆಲಕ್ಕೆ ಬಡಿದ ಸದ್ದಾದ ಮೇಲೇ ಅವಳಿಗೆ ಗೊತ್ತಾಯಿತು.

ಕನಕಲಕ್ಷ್ಮಿ ಎದ್ದು ಅವಳ ಕೈ ತೆಗೆದುಕೊಂಡು ನೋಡಿದಳು. ತೋರುಬೆರಳಲ್ಲಿ ಹೊಸ ಬೊಬ್ಬೆಯೊಂದು ಎದ್ದಿತ್ತು. ಯಾವಾಗ ಸುಟ್ಟಿತೆಂದು ಕೇಳಿದರೆ ಅಮ್ಮಾಜಮ್ಮ ತಾನೂ ಆಗಲೇ ಮೊದಲು ಕಂಡವಳಂತೆ ಬೆರಳು ನೋಡಿಕೊಂಡಳು. ಕನಕಲಕ್ಷ್ಮಿ ಅದಕ್ಕೆ ಒದ್ದೆ ಬಟ್ಟೆ ಸುತ್ತಿದಳು. ಆಗ ಅಮ್ಮಾಜಮ್ಮನೇ ಮೆಲ್ಲಗೆ ಹೇಳಿದಳು.

"ಮಗೀಗೆ ಜ್ವರ ಬಂದ್ರೆ ಎಡಗೈನಾಗೆ ಮುಟ್ಟಿ ನೋಡ್ತೀನಮ್ಮ. ಬಲಗೈನಾಗೆ ಮುಟ್ಟಿದ್ರೆ ಯಾರ್ ಮಗೀನೋ ಅನ್ಸ್ತೈತೆ."

ವಿಚಾರಣೆ ಚಿಕ್ಕಬಳ್ಳಾಪುರದಲ್ಲಿ, ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ನಡೆಯಿತು. ಕೋನಪ್ಪನ ಜೊತೆ ಅಕ್ಕಯ್ಯಮ್ಮನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಈಕೆ ಡಾಕ್ಟರಲ್ಲ, ಇವರ ಮಾತಿಗೇನು ಬೆಲೆ ಎಂದು ಮಾಲೀಕರ ವಕೀಲರು ಆಕ್ಷೇಪಿಸಿದರು. ಗಾಯ ಮಾಗಿದೆಯೇ ಎಂಬುದನ್ನು ಡಾಕ್ಟರು ಹೇಳಿದ್ದಾರೆ, ಆ ಕೈಯಿಂದ ಏನೇನು ಮಾಡಲು ಸಾಧ್ಯ ಎಂಬುದನ್ನು ನಾನು ಹೇಳುತ್ತೇನೆ ಎಂದಳು ಕನಕಲಕ್ಷ್ಮಿ. ಅಧಿಕಾರಿ ಅನುಮತಿ ಕೊಟ್ಟರು.

ಅವಳು ಅಮ್ಮಾಜಮ್ಮನ ಕಣ್ಣಿಗೆ ಕರವಸ್ತ್ರ ಕಟ್ಟಿದಳು. ಎಡಗೈಗೆ ಬೀಗದ ಕೈ, ಗುಂಡಿ, ನಾಣ್ಯ ಕೊಟ್ಟಾಗ ಅಮ್ಮಾಜಮ್ಮ ಮೂರರ ಹೆಸರನ್ನೂ ತಕ್ಷಣ ಹೇಳಿದಳು. ಬಲಗೈ ಬೆರಳುಗಳಿಗೆ ಅವೇ ಮೂರನ್ನು ಕೊಟ್ಟಾಗ ಒಂದನ್ನೂ ಹೇಳಲಾಗಲಿಲ್ಲ. ಕೊನೆಗೆ ಕನಕಲಕ್ಷ್ಮಿ ಒಂದು ರೇಷ್ಮೆ ಎಳೆಯನ್ನು ಅವಳ ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು, ನಿಧಾನವಾಗಿ ಎಳೆದು, ಪೂರ್ತಿ ಹೊರಗೆ ತೆಗೆದುಬಿಟ್ಟಳು. ಅಮ್ಮಾಜಮ್ಮ ಎರಡು ಬೆರಳನ್ನೂ ಜೋಪಾನವಾಗಿ ಕೂಡಿಸಿಕೊಂಡು ಕಾಯುತ್ತಾ ನಿಂತಿದ್ದಳು.

"ಯಾವಾಗ ಕೊಡ್ತೀರಮ್ಮ?" ಎಂದು ಕೇಳಿದಳು.

ಹಿಂದಿನ ಬೆಂಚಿನಲ್ಲಿ ಅಕ್ಕಯ್ಯಮ್ಮ ಎದ್ದು ನಿಂತಿದ್ದಳು. ಜವಾನ ಕೂತ್ಕೊಳ್ಳಮ್ಮ ಎಂದು ಎರಡು ಸಲ ಹೇಳಬೇಕಾಯಿತು.

ಮಾಲೀಕರ ವಕೀಲರು ಬಿಡಲಿಲ್ಲ. ಹಾಗಾದರೆ ಈಕೆ ಇನ್ನು ಯಾವ ಕೆಲಸಕ್ಕೂ ಆಗುವುದಿಲ್ಲವೇ ಎಂದು ಕೇಳಿದರು. ಆಗುತ್ತದೆ ಎಂದಳು ಕನಕಲಕ್ಷ್ಮಿ. ಕಣ್ಣು ಚೆನ್ನಾಗಿದೆ, ಬೆಳಕಿದ್ದ ಕಡೆ ಕೂತು ಒಳ್ಳೆಯ ಗೂಡು ಕೆಟ್ಟ ಗೂಡು ಆರಿಸಬಲ್ಲಳು. ಬಿಸಿನೀರಿನ ಹತ್ತಿರ ಮಾತ್ರ ಕೂರಿಸಬಾರದು, ಕೈ ಬೆಂದರೂ ಅವಳಿಗೆ ತಿಳಿಯುವುದಿಲ್ಲ. ಈ ಉತ್ತರ ಕೇಳಿ ಪುಟ್ಟಸ್ವಾಮಯ್ಯನವರ ಮುಖ ಚಿಕ್ಕದಾಯಿತು. ಹೊರಗೆ ಬಂದ ಮೇಲೆ, ಅಷ್ಟು ಹೇಳದೆ ಇದ್ದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತಲ್ಲಮ್ಮ ಎಂದರು. ಒಂದು ಸುಳ್ಳಾದರೆ ಇನ್ನೊಂದನ್ನು ಯಾರು ನಂಬುತ್ತಾರೆ ಸಾರ್, ಎಂದು ಅವಳು ಕೈಮುಗಿದು ರೈಲಿಗೆ ಹೊರಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತಿದ್ದರು. ಊರು ದಾಟಿ ಬಹಳ ದೂರ ಬರುವವರೆಗೂ ಅಕ್ಕಯ್ಯಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಸೊಸೆಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳ ತುದಿ ಒತ್ತಿದಳು.

"ತಿಳೀತೈತಾ?"

ಅಮ್ಮಾಜಮ್ಮ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಅಂಗೈ ಒತ್ತಿದಳು. ಅಲ್ಲೂ ಇಲ್ಲ. ಗಾಯದ ಗೆರೆ ದಾಟಿ ಮೊಳಕೈ ಕಡೆಗೆ ಬೆರಳು ಸರಿಸಿ ಮತ್ತೆ ಒತ್ತಿದಳು.

"ಇಲ್ಲಿ?"

"ಇಲ್ಲಿ ತಿಳೀತೈತೆ ಅತ್ತೆ."

ಅಕ್ಕಯ್ಯಮ್ಮ ಅಲ್ಲಿಯೇ ಹಿಡಿದುಕೊಂಡಳು. ಶಿಡ್ಲಘಟ್ಟ ಬರುವವರೆಗೂ ಬಿಡಲಿಲ್ಲ.

ತೀರ್ಪು ಮೂರು ತಿಂಗಳಿಗೆ ಬಂತು. ಕೇಳಿದಷ್ಟು ಸಿಗಲಿಲ್ಲ, ಮಾಲೀಕರು ಕೊಡುತ್ತೇವೆಂದಿದ್ದಕ್ಕಿಂತ ಬಹಳ ಹೆಚ್ಚು ಸಿಕ್ಕಿತು. ಕನಕಲಕ್ಷ್ಮಿ ಸಾಕ್ಷಿಯಲ್ಲಿ ಹೇಳಿದ ಮಾತು ಹಿಡಿದು ಪುಟ್ಟಸ್ವಾಮಯ್ಯನವರೇ ಇನ್ನೊಂದು ಫಿಲೇಚರಿನಲ್ಲಿ ಗೂಡು ಆರಿಸುವ ಕೆಲಸ ಕೇಳಿ ಕೊಡಿಸಿದರು. ಬಾಗಿಲ ಪಕ್ಕದ ಬೆಳಕಿನಲ್ಲಿ ಮೊರವಿಟ್ಟುಕೊಂಡು ಕೂರುವ ಕೆಲಸ. ಮುಂದಿನ ಯುಗಾದಿಯ ಹೊತ್ತಿಗೆ, ಹೊಸದಾಗಿ ಸೇರಿದ ಇಬ್ಬರು ಹೆಂಗಸರು ಅಮ್ಮಾಜಮ್ಮನ ಎರಡೂ ಪಕ್ಕದಲ್ಲಿ ಕೂತು ಅವಳಿಂದ ಕೆಲಸ ಕಲಿಯುತ್ತಿದ್ದರು.