ಹೊಸ ಡಿಸ್ಕಿನ ಅಡಿಯಲ್ಲಿ

ಒಂದೂರಲ್ಲಿ ಒಬ್ಬ ಮುದುಕಿ ಇದ್ದಳಂತೆ. ಬುಟ್ಟಿ ತುಂಬಿತೆಂದು ಸಮುದ್ರರಾಜನಲ್ಲಿ ಇನ್ನೊಂದು ಬುಟ್ಟಿ ಬೇಡಿದಳಂತೆ. ತಂದದ್ದನ್ನು ಹಳೆಯದರ ಮೇಲೆಯೇ ಇಟ್ಟು, ಇಣುಕಿ ನೋಡಿ, ಮೀನೆಲ್ಲ ಹೋಯಿತೆಂದು ಅಳತೊಡಗಿದಳಂತೆ. ಕಥೆ ಹೇಳುತ್ತಿದ್ದ ಹೊನ್ನಜ್ಜಿಗೆ ಇಷ್ಟಕ್ಕೇ ನಿದ್ದೆ ಹತ್ತುತ್ತಿತ್ತು. ಪ್ರಗತಿಗೂ ತಮ್ಮ ಕಿಶನನಿಗೂ ಕಥೆಯ ಕೊನೆ ಯಾವತ್ತೂ ಸಿಗಲಿಲ್ಲ.

ಈಗ ಅಜ್ಜಿಯೂ ಇಲ್ಲ, ಕಿಶನನೂ ಇಲ್ಲ. ದೋಣಿ ಮಗುಚಿ ನಾಳೆಗೆ ಹನ್ನೆರಡು ದಿನ. ಹಾರ ಹಾಕಲು ಮನೆಯಲ್ಲಿ ಅವನ ಪಟವಿಲ್ಲ. "ನಾನು ತಂದ್ಕೊಡ್ತೆ" ಎಂದು ಪ್ರಗತಿ ಮಾತು ಕೊಟ್ಟಿದ್ದಳು. ಅತ್ತಿರಲಿಲ್ಲ, ಅಷ್ಟೇ ಹೇಳಿದ್ದಳು.

ಪಟ ಇದ್ದದ್ದು ಒಂದೇ ಕಡೆ. ಅವಳು ಕೆಲಸ ಮಾಡುವ ಕೋಡಿಬಾಗದ ಕಂಪ್ಯೂಟರ್ ಅಂಗಡಿ ಮೀನುಗಾರರ ಸಂಘದ ವೆಬ್‌ಸೈಟನ್ನು ನೋಡಿಕೊಳ್ಳುತ್ತಿತ್ತು. ಹೋದ ವರ್ಷ ಅವಳೇ ಎಲ್ಲ ದೋಣಿಯವರ ಫೋಟೋ ತೆಗೆದು ಅದಕ್ಕೆ ಏರಿಸಿ, ತನ್ನ ಫೋನಿನಿಂದ ಅಳಿಸಿದ್ದಳು. ಸರ್ವರ್ ಯಾವುದೋ ದೇಶದಲ್ಲಿ, ಬಾಡಿಗೆಯದು. ಅದರ ಜಾಗ ತುಂಬಿ ವಾರದಿಂದ ಸೈಟು ತೆರೆಯುತ್ತಿರಲಿಲ್ಲ.

"ಇನ್ನೆಷ್ಟ್ ಹೊತ್ತೆ ಮಗಾ?" ಅಂಗಡಿಯಲ್ಲಿ ಪ್ರಗತಿಯ ಹಿಂದಿನ ಬೆಂಚಿನಿಂದ ತಾಯಿ ಕಾಶಿ ಕೇಳಿದಳು. ಬೇಲೆಕೇರಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು.

"ಅಲ್ಲಿ ಜಾಗ ಇಲ್ಲ ಆಯಿ. ಇನ್ನೊಂದಿಷ್ಟು ಹಾಕ್ಬೇಕು."

"ಒಬ್ಬನ ಪಟಕ್ಕೆ ಎಷ್ಟ್ ಜಾಗ ಬೇಕೇ?"

"ಓಟಿನ ಕಾರ್ಡಲ್ಲಿ ಇಲ್ವಾ ಕಾಶಕ್ಕ?" ಅಂಗಡಿಯ ಮಂಗೇಶ ಕೇಳಿದ.

"ಅದ್ರಲ್ಲಿ ಕೋಳಿ ಕದ್ದವನ ಹಂಗೆ ಕಾಣ್ತಾನೆ. ಅದ್ಕೆ ಯಾರು ಹಾರ ಹಾಕ್ತಾರೆ? ಪಟ ತೆಗ್ಸ್ಕೊ ಅಂದ್ರೆ ಹಲ್ಲು ಮುರ್ದದೆ ಅಂತಿದ್ದ."

ಪ್ರಗತಿ ಸರ್ವರಿನವರಲ್ಲಿ ಬಾಡಿಗೆಗೆ ಹೊಸ ಡಿಸ್ಕು ಕೇಳಿ ಗುಂಡಿ ಒತ್ತಿದಳು. ಹತ್ತು ನಿಮಿಷಕ್ಕೆ ಅದು ಸರ್ವರಿಗೆ ಸೇರಿತು. ಅದನ್ನು ಫೋಟೋಗಳ ಫೋಲ್ಡರಿಗೇ ಜೋಡಿಸಿದಳು. ಸೈಟು ತೆರೆಯಿತು. ಫೋಲ್ಡರ್ ಖಾಲಿ. ಒಂದು ಮುಖವೂ ಇಲ್ಲ.

"ಹಳೇದ್ನೇ ಅಳಿಸ್ದ್ಯೇನೆ?" ಮಂಗೇಶನ ದನಿ ಇಳಿಯಿತು.

ಪ್ರಗತಿ ಬೇರೆ ಯಾರದೋ ಅಂಗಳ ನೋಡುವಂತೆ ಆ ಬಿಳಿ ಜಾಗವನ್ನು ನೋಡುತ್ತ ಕುಳಿತಳು. ಆಯಿ ಮಡಿಲಲ್ಲಿದ್ದ ಖಾಲಿ ಫ್ರೇಮನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಬುಟ್ಟಿಯ ಮೇಲೆ ಬುಟ್ಟಿ.

ಪ್ರಗತಿ ಹೊಸ ಡಿಸ್ಕನ್ನು ಆ ಫೋಲ್ಡರಿನಿಂದ ಬಿಚ್ಚಿದಳು. ಅಡಿಯಿಂದ ಹೆಸರುಗಳು ಒಂದೊಂದಾಗಿ ಬಂದವು: ತುಳಸಿದಾಸ, ಬೀರಾ, ರಾಮಾ, ಕಿಶನ. ಡಿಸ್ಕಿಗೆ ಬೇರೆಯೇ ಫೋಲ್ಡರ್ ಮಾಡಿ ಜೋಡಿಸಿ, ಎಲ್ಲರನ್ನೂ ಅಲ್ಲಿಗೆ ದಾಟಿಸಿದಳು. ಒಬ್ಬನನ್ನು ಮಾತ್ರ ಪ್ರಿಂಟರಿಗೆ ಕಳಿಸಿದಳು.

ಕಾಗದ ನಿಧಾನಕ್ಕೆ ಹೊರಬಂತು. ಮೊದಲು ಕೂದಲು, ಆಮೇಲೆ ಹಣೆ, ಕಣ್ಣು, ಬಿಗಿಯಾಗಿ ಮುಚ್ಚಿದ ತುಟಿ.

"ಹಸಿ ಅದೆ ಆಯಿ, ಮುಟ್ಬೇಡ."

ಕಾಶಿ ಕಾಗದವನ್ನು ಅಂಚಿನಲ್ಲಷ್ಟೇ ಹಿಡಿದಳು. ಬಿಸಿ ಗಂಜಿ ಆರಿಸುವಂತೆ ಆ ಮುಖದ ಮೇಲೆ ಮೆಲ್ಲಗೆ ಊದತೊಡಗಿದಳು.